ಓದುಗರು ಕಡಿಮೆಯಿದ್ದ ಪತ್ರಿಕೆಯಿಂದ ಅಮೆರಿಕದ ಪ್ರಕಾಶಕ ಕಾಂಡೇ ನಾಸ್ಟ್ ಹಣ ಮಾಡಿದ್ದು ಹೇಗೆ?

ಹಣವಂತ ಓದುಗರನ್ನೇ ಆಯ್ದು, ಅವರ ಗಮನವನ್ನು ಜಾಹೀರಾತುದಾರರಿಗೆ ದುಬಾರಿ ದರಕ್ಕೆ ಮಾರಿ. 1909ರಲ್ಲಿ ನಾಸ್ಟ್ ಕೊಂಡುಕೊಂಡ ನ್ಯೂಯಾರ್ಕಿನ ಫ್ಯಾಷನ್ ಪತ್ರಿಕೆ ‘ವೋಗ್’ನ ಪ್ರಸಾರ ಸಣ್ಣದು. ಆದರೂ ಒಡವೆ, ಉಡುಪು ಮಾರುವವರು ಓದುಗರ ತಲೆ ಲೆಕ್ಕದಲ್ಲಿ ಬೇರೆ ಪತ್ರಿಕೆಗಳಿಗಿಂತ ಹೆಚ್ಚೇ ತೆತ್ತರು. ನಾಸ್ಟ್ ಕೊಟ್ಟ ಹೋಲಿಕೆ ಸೊಗಸಾಗಿದೆ: ತಟ್ಟೆ ತುಂಬ ಸೂಜಿಗಳಿವೆ, ಕೆಲವಕ್ಕೆ ಮಾತ್ರ ಚಿನ್ನದ ಮೊನೆ. ಒಂದೊಂದಾಗಿ ಹೆಕ್ಕುವ ಬದಲು ಅವನ್ನಷ್ಟೇ ಸೆಳೆಯುವ ಅಯಸ್ಕಾಂತ ಸಿಕ್ಕರೆ? ಚಿನ್ನದ ಮೊನೆಯ ಸೂಜಿಗಳೆಂದರೆ ಹಣವಂತ ಓದುಗರು, ಅಯಸ್ಕಾಂತವೆಂದರೆ ‘ವೋಗ್’. (ಚಿನ್ನ ಅಯಸ್ಕಾಂತಕ್ಕೆ ಅಂಟುವುದಿಲ್ಲ ಎಂಬ ತಕರಾರು ಇಲ್ಲಿ ಬೇಡ.) 1914ರಲ್ಲಿ ಸಂಪಾದಕಿ ಎಡ್ನಾ ವೂಲ್ಮನ್ ಚೇಸ್ ಏರ್ಪಡಿಸಿದ ಫ್ಯಾಷನ್ ಪ್ರದರ್ಶನ, ಆಮೇಲೆ ಪಾರ್ಕ್ ಅವೆನ್ಯೂ ಮನೆಯಲ್ಲಿ ನಾಸ್ಟ್ ಕೊಡುತ್ತಿದ್ದ ಔತಣಕೂಟಗಳು ಆ ಅಯಸ್ಕಾಂತಕ್ಕೆ ಬಲ ತುಂಬಿದವು. 1929ರ ಷೇರುಪೇಟೆ ಕುಸಿತ ಅವರ ಸಂಪತ್ತನ್ನು ನುಂಗಿತು, 1942ರಲ್ಲಿ ತೀರಿಕೊಂಡರು.