ಕಾಲುವೆ ಗುಂಪಿನ ಪ್ರಶ್ನೆಗೆ ಉತ್ತರ: ವಾಟ್ಸಾಪ್ ಬಿಟ್ಟು ಟೆಲಿಗ್ರಾಮ್‌ಗೆ ಹೋಗಬೇಕೇನು?

ಶರಣ್ರಿ ಎಲ್ಲರಿಗೂ. ಮಾನ್ವಿ ಕಡೆಯ ಅಣ್ಣಾವ್ರು ನಿನ್ನೆ ಎರಡು ಮಾತು ಕೇಳಿದ್ದಾರೆ. ಎಡದಂಡೆ ಕಾಲುವೆಯ ಕೊನೆಭಾಗಕ್ಕೆ ನೀರು ಬರಲಿ ಅಂತ ಧರಣಿ ಕೂಡುವ ಮಾತು ಈ ಗುಂಪಿನಲ್ಲಿ ನಡೆದಿದೆ, ಇದನ್ನು ಸರ್ಕಾರ ಓದುತ್ತದಾ? ಓದುವುದಾದರೆ ಎಲ್ಲರೂ ಟೆಲಿಗ್ರಾಮ್‌ಗೆ ಹೋಗೋಣವಾ? ಕೆಳಗೆ ಬಹಳ ಮಂದಿ "ಟೆಲಿಗ್ರಾಮೇ ಸೇಫ್" ಅಂದಿದ್ದೀರಿ. ಅದು ತಪ್ಪು, ದಯವಿಟ್ಟು ಹೋಗಬ್ಯಾಡ್ರಿ.

ವಾಟ್ಸಾಪ್‌ನಲ್ಲಿ 2016ರ ಏಪ್ರಿಲ್‌ನಿಂದ ಮೆಸೇಜು, ಫೋಟೋ, ಕರೆ ಎಲ್ಲವೂ ಕಳಿಸುವವರ ಫೋನಿನಲ್ಲೇ ಬೀಗ ಹಾಕಿಕೊಂಡು ಹೊರಡುತ್ತವೆ. ತಲುಪಿದ ಫೋನಿನಲ್ಲಷ್ಟೇ ಬೀಗ ತೆಗೆಯುತ್ತದೆ. ನಡುವೆ ಕಂಪನಿಯ ಹತ್ತಿರವೂ ಕೀಲಿ ಇರುವುದಿಲ್ಲ. ಗುಂಪಿಗೂ ಇದೇ ಲೆಕ್ಕ. ಟೆಲಿಗ್ರಾಮ್‌ನಲ್ಲಿ ಮಾಮೂಲಿ ಚಾಟೂ ಗುಂಪೂ ಅವರ ಸರ್ವರ್‌ನಲ್ಲಿ ಕೂತಿರುತ್ತವೆ, ಕೀಲಿಯೂ ಅವರದೇ. ಅಲ್ಲಿ 'ಸೀಕ್ರೆಟ್ ಚಾಟ್' ಅಂತ ಬೇರೆ ಇದೆ ನಿಜ, ಆದರೆ ಅದು ಇಬ್ಬರ ನಡುವೆ ಮಾತ್ರ, ಗುಂಪಿಗಿಲ್ಲ.

ಬೀಗ ಇದ್ದರೂ ಒಂದು ವಿಷಯ ಮುಚ್ಚಿಡಲಾಗದು. ಎಪಿಎಂಸಿ ಗೇಟಿನಲ್ಲಿ ಚೀಲ ಬಿಚ್ಚಿ ನೋಡದಿದ್ದರೂ ಗಾಡಿ ನಂಬರು, ಬಂದ ಹೊತ್ತು ಬರೆದುಕೊಳ್ಳುತ್ತಾರಲ್ಲ, ಹಾಗೆ ಯಾರು ಯಾರಿಗೆ ಎಷ್ಟೊತ್ತಿಗೆ ಕಳಿಸಿದರು, ಗುಂಪಿನಲ್ಲಿ ಯಾವ್ಯಾವ ನಂಬರು ಇವೆ ಅನ್ನೋದು ವಾಟ್ಸಾಪ್ ಕಂಪನಿಗೆ ಗೊತ್ತಿರುತ್ತದೆ. ಕಾನೂನು ಪ್ರಕಾರ ಕೇಳಿದರೆ ಅಂಥ ವಿವರ ಕೊಡಬೇಕಾಗುತ್ತದೆ. ಮಾಮೂಲಿ ಫೋನ್ ಕರೆ, ಎಸ್ಸೆಮ್ಮೆಸ್‌ಗಂತೂ ಈ ಬೀಗವೇ ಇಲ್ಲ. ಯಾರು ಯಾರಿಗೆ ಯಾವಾಗ ಕರೆ ಮಾಡಿದರು ಅನ್ನುವ ದಾಖಲೆಯನ್ನು ಟೆಲಿಕಾಂ ಕಂಪನಿಗಳು ಕನಿಷ್ಠ 2 ವರ್ಷ ಇಟ್ಟಿರಬೇಕು ಅಂತ 2021ರ ಡಿಸೆಂಬರ್‌ನಲ್ಲಿ ನಿಯಮ ಆಗಿದೆ.

ಕಾನೂನಿನ ಮಾತು ಬಂತು ಅಂದ ಮೇಲೆ ಸ್ವಲ್ಪ ಹೇಳಿಬಿಡ್ತೀನಿ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 69ನೇ ಕಲಂ ಮತ್ತು 2009ರ ನಿಯಮಗಳ ಕೆಳಗೆ ಸರ್ಕಾರ ಮಾಹಿತಿಯನ್ನು ಕದ್ದಾಲಿಸಬಹುದು. ಕೇಂದ್ರದಲ್ಲಿ ಗೃಹ ಕಾರ್ಯದರ್ಶಿ, ರಾಜ್ಯದಲ್ಲಿ ಗೃಹ ಇಲಾಖೆಯ ಕಾರ್ಯದರ್ಶಿ ಆದೇಶ ಕೊಡಬೇಕು, ಕಾರಣವನ್ನು ಬರಹದಲ್ಲಿ ಹಾಕಬೇಕು. ಕಾರಣಗಳ ಪಟ್ಟಿಯಲ್ಲಿ 'ಸಾರ್ವಜನಿಕ ಸುವ್ಯವಸ್ಥೆ' ಅನ್ನೋ ಪದವೂ ಇದೆ, ಧರಣಿಗೆ ಅಂಟಿಸಲು ಸುಲಭವಾದ ಪದ ಅದು. ಅಂಜಿಕೆ ಅಲ್ಲಿಂದಲೇ ಬರುತ್ತದೆ, ಆ ಅಂಜಿಕೆ ಸುಳ್ಳಲ್ಲ. ಆದರೆ ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದಾರೆ. ದಾವೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮೆಸೇಜನ್ನು ಮೊದಲು ಕಳಿಸಿದವರು ಯಾರು ಅಂತ ಹುಡುಕಿಕೊಡಬೇಕು ಅನ್ನುವ 2021ರ ಐಟಿ ನಿಯಮದ ವಿರುದ್ಧ ವಾಟ್ಸಾಪ್ ದೆಹಲಿ ಹೈಕೋರ್ಟಿಗೆ ಹೋಗಿದೆ.

ಈಗ ಮುಖ್ಯ ಮಾತು. ನಮ್ಮಂಥವರ ಮೆಸೇಜು ದಾರಿಯಲ್ಲಿ ಸೋರುವುದಿಲ್ಲ, ಎರಡೂ ತುದಿಯಲ್ಲಿ ಸೋರುತ್ತದೆ. ಎಲ್ಲಕ್ಕಿಂತ ದೊಡ್ಡ ತೂತು ಊರಿನ ಆನ್‌ಲೈನ್ ಸೆಂಟರ್. ಪಹಣಿ, ಆಧಾರ್ ಪ್ರಿಂಟ್ ತೆಗೆಸಲು ಹೋಗ್ತೀವಿ, ಅವರ ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್‌ನ ಚೌಕ ಚೌಕದ ಕ್ಯೂಆರ್ ಕೋಡ್ ಬರುತ್ತದೆ, ನಮ್ಮ ಫೋನ್ ಹಿಡಿದು ಸ್ಕ್ಯಾನ್ ಮಾಡ್ತೀವಿ, ಪ್ರಿಂಟ್ ಬಂತು, 20 ರೂಪಾಯಿ ಕೊಟ್ಟು ಎದ್ದು ಬರ್ತೀವಿ. ಲಾಗೌಟ್ ಯಾರೂ ಮಾಡುವುದಿಲ್ಲ. ಪರದೆ ಮುಚ್ಚಿದರೂ ಜೋಡಣೆ ಹಾಗೇ ಉಳಿದಿರಬಹುದು. ಆಮೇಲೆ ಆ ಕುರ್ಚಿಯಲ್ಲಿ ಕೂತವರು ಈ ಗುಂಪನ್ನು ಪೂರ್ತಿ ಓದಬಹುದು, ನಿಮ್ಮ ಹೆಸರಲ್ಲಿ ಬರೆಯಲೂಬಹುದು.

ಆದ್ದರಿಂದ ಈಗಲೇ ವಾಟ್ಸಾಪ್ ತೆಗೀರಿ, ಮೇಲಿನ ಮೂರು ಚುಕ್ಕೆ ಒತ್ತಿ 'ಲಿಂಕ್ಡ್ ಡಿವೈಸಸ್' ನೋಡ್ರಿ. ಕ್ರೋಮ್, ವಿಂಡೋಸ್ ಅಂತ ಹೆಸರಿದ್ದು ಅದು ನಿಮ್ಮ ಮನೆಯದಲ್ಲ ಅಂದರೆ ಅದರ ಮೇಲೆ ಒತ್ತಿ ಲಾಗೌಟ್ ಮಾಡ್ರಿ. ಮುಂದೆ ಪ್ರಿಂಟ್ ಬೇಕಾದರೆ ಆ ಕಾಗದ ಒಂದನ್ನೇ ಅಂಗಡಿಯವರ ನಂಬರಿಗೆ ಕಳಿಸಿ, ಪ್ರಿಂಟ್ ಆದ ಮೇಲೆ ಎದುರಿಗೇ ಡಿಲೀಟ್ ಮಾಡಿಸ್ರಿ. ಸ್ಕ್ಯಾನ್ ಮಾತ್ರ ಬ್ಯಾಡ.

ಎರಡನೇ ತೂತು ಬ್ಯಾಕಪ್. ನಿಮ್ಮ ಚಾಟ್ ಗೂಗಲ್ ಖಾತೆಗೆ ಹೋಗುತ್ತಿದ್ದು, ನೀವು ಬೇರೆ ಬೀಗ ಹಾಕಿಲ್ಲ ಅಂದರೆ ಅಲ್ಲಿ ವಾಟ್ಸಾಪ್‌ನ ಬೀಗ ಇರುವುದಿಲ್ಲ. ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್, ಅದರೊಳಗೆ 'ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್' ಆನ್ ಮಾಡಿ ಪಾಸ್‌ವರ್ಡ್ ಹಾಕ್ರಿ. ಮಂದಿ ಎಡವುವುದು ಇಲ್ಲೇ: ಪಾಸ್‌ವರ್ಡ್ ಮರೆತು ಫೋನೂ ಕಳೆದರೆ ಹಳೆಯ ಚಾಟ್ ಕಂಪನಿಯವರೂ ತೆಗೆದುಕೊಡಲಾರರು. ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡ್ರಿ, ಫೋನಿನಲ್ಲಿ ಬ್ಯಾಡ.

ಮೂರನೇದು ಎಪಿಕೆ ಫೈಲು, ಅಂದರೆ ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲು. 'ಪಿಎಂ ಕಿಸಾನ್', 'ಚಲನ್' ಅಂತ ಹೆಸರಿಟ್ಟುಕೊಂಡು ಗುಂಪುಗಳಿಗೆ ಬರುತ್ತವೆ. ಇನ್‌ಸ್ಟಾಲ್ ಮಾಡಿ ಕೇಳಿದ್ದಕ್ಕೆಲ್ಲ ಅಲೋ ಕೊಟ್ಟರೆ ಎಸ್ಸೆಮ್ಮೆಸ್, ಓಟಿಪಿ ಎಲ್ಲ ಅವರ ಕೈಗೆ. ಯಾರು ಕಳಿಸಿದರೂ ಒತ್ತಬ್ಯಾಡ್ರಿ. ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಫೋನ್ ಹಚ್ಚರಿ.

ಜೊತೆಗೆ ವಾಟ್ಸಾಪ್ ಸೆಟ್ಟಿಂಗ್ಸ್‌ನ ಅಕೌಂಟ್ ಒಳಗೆ 'ಟು-ಸ್ಟೆಪ್ ವೆರಿಫಿಕೇಶನ್' ಆನ್ ಮಾಡಿ 6 ಅಂಕಿಯ ಪಿನ್ ಇಡ್ರಿ. ರೀಚಾರ್ಜ್ ಮಾಡದೆ ಬಿಟ್ಟ ಎರಡನೇ ಸಿಮ್ಮಿನಲ್ಲಿ ವಾಟ್ಸಾಪ್ ಇದ್ದವರು ಇದನ್ನು ಮೊದಲು ಮಾಡಬೇಕು. ಆ ನಂಬರು ಬಂದ್ ಆಗಿ ಮುಂದೆ ಬೇರೆಯವರ ಪಾಲಾಗುತ್ತದೆ, ಆಗ ಓಟಿಪಿಯೂ ಅವರಿಗೇ ಹೋಗುತ್ತದೆ. ಅಂಥ ಸಿಮ್ ಬಿಡುವ ಮೊದಲೇ 'ಚೇಂಜ್ ನಂಬರ್' ಮಾಡಿಕೊಂಡರೆ ಇನ್ನೂ ಛಲೋ.

ಇನ್ನು ಧರಣಿ ವಿಚಾರ. ಈ ಗುಂಪಿನಲ್ಲಿ ಮುನ್ನೂರು ಮಂದಿ ಇದ್ದೀವಿ ಅಂದರೆ ಪ್ರತಿ ಮೆಸೇಜಿಗೂ ಮುನ್ನೂರು ನಕಲು. ಒಬ್ಬರು ಸ್ಕ್ರೀನ್‌ಶಾಟ್ ತೆಗೆದರೆ ಯಾವ ಬೀಗವೂ ಉಪಯೋಗಕ್ಕಿಲ್ಲ. ಒಬ್ಬರು 'ರಿಪೋರ್ಟ್' ಒತ್ತಿದರೆ ಕೊನೆಯ 5 ಮೆಸೇಜು ಬೀಗವಿಲ್ಲದೆ ಕಂಪನಿಗೆ ಹೋಗುತ್ತವೆ. ಹಾಗಾಗಿ ಇಲ್ಲಿ ಕಾಲುವೆಯ ಗೇಜ್ (ನೀರಿನ ಮಟ್ಟ) ಎಷ್ಟಿದೆ, ಯಾವ ದಿನ ಎಲ್ಲಿ ಸೇರೋದು, ಮನವಿಯ ಪ್ರತಿ, ಇಷ್ಟೇ ಇರಲಿ. ಇದರಲ್ಲಿ ಮುಚ್ಚುವಂಥದ್ದೇನೂ ಇಲ್ಲ. ಮುಂದಾಳುಗಳು ಐದಾರು ಮಂದಿ ಮಾತಾಡಿಕೊಳ್ಳಲು ಸಿಗ್ನಲ್ ಅನ್ನುವ, ಇಂಥದ್ದೇ ಬೀಗವಿರುವ ಮೆಸೇಜಿನ ಆ್ಯಪ್ ಹಾಕಿಕೊಳ್ಳಬಹುದು. ಅದೂ ಫೋನ್ ನಂಬರಿನಿಂದಲೇ ಶುರುವಾಗುತ್ತದೆ, ಆದರೆ ಖಾತೆ ತೆರೆದ ದಿನ ಮತ್ತು ಕೊನೆಗೆ ಸರ್ವರ್‌ಗೆ ಬಂದ ದಿನ ಬಿಟ್ಟರೆ ಕೊಡಲು ಅವರ ಹತ್ತಿರ ಹೆಚ್ಚೇನೂ ಇರುವುದಿಲ್ಲ. ಮೆಸೇಜು 1 ವಾರಕ್ಕೆ ತಾನೇ ಅಳಿಯುವಂತೆ ಇಡ್ರಿ. ಪರದೆಗೆ ಪ್ಯಾಟರ್ನ್ ಬದಲು 6 ಅಂಕಿ ಪಿನ್ ಹಾಕಿ, ಲಾಕ್ ಇದ್ದಾಗ ನೋಟಿಫಿಕೇಶನ್‌ನಲ್ಲಿ ಮೆಸೇಜು ಕಾಣದಂತೆ ಮಾಡ್ರಿ. ತೆರೆದ ಫೋನು ಬೇರೆಯವರ ಕೈಗೆ ಹೋದರೆ ಸಿಗ್ನಲ್ ಆದರೂ ಒಂದೇ, ವಾಟ್ಸಾಪ್ ಆದರೂ ಒಂದೇ.

ಅಡ್ಮಿನ್‌ಗಳು ಹಳೆಯ ಇನ್ವೈಟ್ ಲಿಂಕ್ 'ರೀಸೆಟ್' ಮಾಡ್ರಿ. ಬೀಜದ ಕಂಪನಿಯವರ ಎಷ್ಟೋ ಗುಂಪುಗಳಲ್ಲಿ ಅದು ಓಡಾಡುತ್ತಿದೆ. ಹೊಸಬರನ್ನು ಅಡ್ಮಿನ್ ಒಪ್ಪಿದ ಮೇಲೇ ಸೇರಿಸುವ ಆಯ್ಕೆಯೂ ಗುಂಪಿನ ಸೆಟ್ಟಿಂಗ್‌ನಲ್ಲಿದೆ, ಅದನ್ನೂ ಆನ್ ಮಾಡ್ರಿ. ಸದಸ್ಯರು ಹಾಕಿದ ಮೆಸೇಜಿಗೆ ಅಡ್ಮಿನ್ ಹೊಣೆಯಲ್ಲ ಅಂತ ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ, ಆದರೂ ಹೊಡಿ ಬಡಿ ಅನ್ನುವ ಮೆಸೇಜು ಬಂದರೆ ಕೂಡಲೇ ಅಳಿಸ್ರಿ.

ಧರಣಿ ದಿನ ನೆಟ್ ಬಂದ್ ಆದರೆ ಇವ್ಯಾವೂ ನಡೆಯುವುದಿಲ್ಲ. ಪ್ರತಿ ಊರಿನ ಇಬ್ಬರ ನಂಬರು ಹಾಳೆಯಲ್ಲಿ ಬರೆದು ಹಿಂದಿನ ದಿನವೇ ಹಂಚಿಕೊಳ್ಳರಿ.