ಮಗನನ್ನು ಸ್ಕೌಟ್ಸ್‌ಗೆ ಸೇರಿಸಿದರೆ ಸರ್ಟಿಫಿಕೇಟ್ ಮುಂದೆ ಉಪಯೋಗಕ್ಕೆ ಬರುತ್ತಾ?

ಮಗ ಏಳನೇ ಕ್ಲಾಸು, ಶಾಲೆಯಲ್ಲಿ ಸ್ಕೌಟ್ಸ್ ಇಲ್ಲ, ಬಡಾವಣೆಯಲ್ಲಿ ಭಾನುವಾರ ಸೇರುವ ಓಪನ್ ಟ್ರೂಪ್ (ಯಾವ ಶಾಲೆಗೂ ಸೇರದ ಸ್ಕೌಟ್ ತಂಡ) ಇದೆ. ಸೇರಿಸಿದರೆ ಸರ್ಟಿಫಿಕೇಟ್ ಉಪಯೋಗಕ್ಕೆ ಬರುತ್ತಾ, ಇಲ್ಲ ಎಂಟನೇ ಕ್ಲಾಸಿನ ಎನ್‌ಸಿಸಿಗೆ ಕಾಯಬೇಕಾ ಅಂತ ಕೇಳಿದ್ದೀರಿ. ನಾನೂ ದಾವಣಗೆರೆಯವನೇ. ನಮ್ಮಪ್ಪನೂ ಸೇರಿಸುವ ಮುಂಚೆ ಮೊದಲು ಕೇಳಿದ್ದು ಸರ್ಟಿಫಿಕೇಟ್ ಬಗ್ಗೆಯೇ. ಆ ಒಂದು ಪ್ರಶ್ನೆ ನನಗೆ ಏನು ಮಾಡಿತು ಅಂತ ಹೇಳುತ್ತೇನೆ.

ಅದು ತೊಂಬತ್ತರ ದಶಕದ ಮಾತು. ದಾವಣಗೆರೆ ಇನ್ನೂ ಜಿಲ್ಲೆ ಆಗಿರಲಿಲ್ಲ, ಅದಾಗಿದ್ದು 1997ರ ಆಗಸ್ಟ್ 15ಕ್ಕೆ. ಏನೇ ಕಾಗದಪತ್ರ ಇದ್ದರೂ ಚಿತ್ರದುರ್ಗಕ್ಕೇ ಹೋಗಬೇಕಿತ್ತು. ನಮ್ಮ ಸರ್ಕಾರಿ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರೇ ಸ್ಕೌಟ್ ಮಾಸ್ಟರ್. ಶನಿವಾರ ಬೆಳಗಿನ ಸ್ಕೂಲು ಮುಗಿದ ಮೇಲೆ ಬೇವಿನ ಮರದ ಕೆಳಗೆ ಸೇರುತ್ತಿದ್ದೆವು. ಆರೆಂಟು ಹುಡುಗರಿಗೆ ಒಂದು ಪಟ್ರೋಲ್, ಅದಕ್ಕೊಬ್ಬ ಲೀಡರ್. ನಮ್ಮದು ಈಗಲ್ ಪಟ್ರೋಲ್.

ಬೋಲೈನ್ ಗಂಟು ಕಲಿತ ದಿನ ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ಬಾವಿಗೆ ಬಿದ್ದವರನ್ನು ಮೇಲೆತ್ತಲು ಸೊಂಟಕ್ಕೆ ಕಟ್ಟುವ ಗಂಟು ಅದು. ಭಾರ ಬಿದ್ದರೂ ಕುಣಿಕೆ ಬಿಗಿಯುವುದಿಲ್ಲ, ಕಟ್ಟಿಸಿಕೊಂಡವರಿಗೆ ಉಸಿರು ಕಟ್ಟುವುದಿಲ್ಲ. ಮೇಷ್ಟ್ರು ಹಗ್ಗ ಕೊಟ್ಟು, "ನಿನ್ನ ಸೊಂಟಕ್ಕೇ ಕಟ್ಟಿಕೋ, ಬಲಗೈ ಒಂದರಲ್ಲೇ" ಅಂದರು. ಹಗ್ಗದ ತುದಿ ಹಿಡಿದ ಕೈಯನ್ನು ಉದ್ದನೆಯ ಎಳೆಯ ಮೇಲಿಟ್ಟು ಮಣಿಕಟ್ಟು ತಿರುವಿದರೆ ಕೈ ಸುತ್ತ ತಾನಾಗಿಯೇ ಒಂದು ಸುತ್ತು ಬರುತ್ತೆ. ತುದಿಯನ್ನು ಆ ಎಳೆಯ ಹಿಂದಿನಿಂದ ಬಳಸಿ, ಅದೇ ಸುತ್ತಿನೊಳಗೆ ವಾಪಸ್ ಎಳೆಯಬೇಕು. ಕೊನೆಗೂ ಬಂದಾಗ ಇಡೀ ಪಟ್ರೋಲ್ ಹಗ್ಗ ಹಿಡಿದು ನನ್ನನ್ನು ಮೈದಾನದ ತುಂಬ ಎಳೆದಾಡಿತು. ಗಂಟು ಒಂದು ಚೂರೂ ಜಾರಲಿಲ್ಲ.

ಈಗ ನಾವು ಮಾಡಿದ ತಪ್ಪಿನ ವಿಷಯ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಯಾಕೆಂದರೆ ಇವತ್ತಿಗೂ ಮನೆಮನೆಯಲ್ಲಿ ಇದೇ ನಡೆಯುತ್ತೆ.

ಸ್ಕೌಟ್ಸ್‌ನಲ್ಲಿ ಮೆಟ್ಟಿಲುಗಳಿವೆ. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಆಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಒಂದು ಮುಗಿದು ಇನ್ನೊಂದಕ್ಕೆ ಹೋಗಲು ನಡುವೆ ಇಷ್ಟು ತಿಂಗಳು ಕೆಲಸ ಮಾಡಿರಬೇಕು ಅಂತ ನಿಯಮ. ಗಂಟು, ಪ್ರಥಮ ಚಿಕಿತ್ಸೆ, ದಿಕ್ಸೂಚಿ, ಅಡುಗೆ, ಹೈಕ್ ಹೀಗೆ ಪ್ರತಿಯೊಂದನ್ನೂ ಮಾಡಿ ತೋರಿಸಿದ ಮೇಲೆ ಮಾಸ್ಟರ್ ಪುಸ್ತಕದಲ್ಲಿ ದಿನಾಂಕ ಬರೆದು ಸಹಿ ಹಾಕಬೇಕು.

ಆ ಪುಸ್ತಕ ನನ್ನ ಬ್ಯಾಗಿನಲ್ಲಿ ಇರಲೇ ಇಲ್ಲ. ಸರ್ಟಿಫಿಕೇಟ್ ಬರುವುದೇ ಇದರಿಂದ ಅಂತ ಗೊತ್ತಾದ ಕೂಡಲೇ ಅಪ್ಪ ಅದಕ್ಕೆ ಬೈಂಡ್ ಹಾಕಿಸಿ, ಮಾರ್ಕ್ಸ್ ಕಾರ್ಡುಗಳ ಜೊತೆ ಬೀರುವಿನಲ್ಲಿ ಇಟ್ಟರು. ಮೈದಾನಕ್ಕೆ ತಗೊಂಡು ಹೋದರೆ ಮಣ್ಣಾಗುತ್ತೆ, ಮಳೆಗೆ ನೆನೆಯುತ್ತೆ ಅಂತ. ನನಗೂ ಅದೇ ಸರಿ ಅನ್ನಿಸಿತು. ಉಳಿದವರ ಪುಸ್ತಕ ಎಣ್ಣೆ ಕಲೆ, ಒಲೆಯ ಮಸಿ ಹತ್ತಿ ಹಾಳಾಗಿದ್ದವು, ನನ್ನದು ಮಾತ್ರ ಹೊಸದರ ಹಾಗೆ. ಮೇಷ್ಟ್ರು ಕೇಳಿದಾಗಲೆಲ್ಲ "ಮುಂದಿನ ವಾರ ತರ್ತೀನಿ ಸರ್" ಅನ್ನುತ್ತಿದ್ದೆ. ಎಲ್ಲಾ ಮುಗಿದ ಮೇಲೆ ಒಟ್ಟಿಗೆ ಸಹಿ ಹಾಕಿಸಿಕೊಂಡರಾಯಿತು ಅನ್ನುವ ಲೆಕ್ಕ.

ಬೇಸಿಗೆ ರಜೆಯಲ್ಲಿ ಮೇಷ್ಟ್ರಿಗೆ ಮೊಳಕಾಲ್ಮುರು ಕಡೆಗೆ ವರ್ಗ ಆಯಿತು. ಹೊಸಬರು ಪುಸ್ತಕ ತಿರುವಿ ನೋಡಿ, "ಪ್ರವೇಶ ಆದಮೇಲೆ ಏನೂ ಇಲ್ಲವಲ್ಲಪ್ಪಾ" ಅಂದರು. ಎಲ್ಲವನ್ನೂ ಕಟ್ಟಿ ತೋರಿಸಿದೆ. ಒಪ್ಪಿಕೊಂಡರು, ಆದರೆ ಆ ದಿನದ ದಿನಾಂಕವನ್ನೇ ಹಾಕಿದರು. ಅಂದರೆ ತಿಂಗಳುಗಳ ಎಣಿಕೆ ಮೊದಲಿಂದ ಶುರು. ಅಪ್ಪ ಬಸ್ ಹತ್ತಿ ಹಳೇ ಮೇಷ್ಟ್ರನ್ನು ಹುಡುಕಿಕೊಂಡು ಹೋದರು, ಹಿಂದಿನ ದಿನಾಂಕ ಹಾಕಿ ಸಹಿ ಮಾಡಿಕೊಡಿ ಅಂತ. ಅವರು ಊಟ ಹಾಕಿ ಕಳಿಸಿದರು, ಸಹಿ ಹಾಕಲಿಲ್ಲ. "ಸ್ಕೌಟ್ ನಂಬಿಕೆಗೆ ಅರ್ಹ ಅನ್ನೋದೇ ಮೊದಲನೇ ನಿಯಮ. ಅವನಿಗೆ ಅದನ್ನು ಹೇಳಿಕೊಟ್ಟ ನಾನೇ ಸುಳ್ಳು ತಾರೀಕು ಬರೆಯಲಾ?" ಅಂದರಂತೆ. ಅವರು ಮಾಡಿದ್ದು ನೂರಕ್ಕೆ ನೂರು ಸರಿ.

ಆ ವರ್ಷ ರಾಜ್ಯ ಪುರಸ್ಕಾರದ ಪರೀಕ್ಷಾ ಶಿಬಿರಕ್ಕೆ ನನ್ನ ಪಟ್ರೋಲ್ ಕೊಂಡಜ್ಜಿಗೆ ಹೋಯಿತು. ಹರಿಹರ ತಾಲ್ಲೂಕಿನ ಕೊಂಡಜ್ಜಿ ಗೊತ್ತಲ್ಲ, ಕೆರೆ, ಗುಡ್ಡ, ಪಕ್ಕದಲ್ಲೇ ಸ್ಕೌಟ್ಸ್ ತರಬೇತಿ ಕೇಂದ್ರ. ರಾಜ್ಯದ ಸ್ಕೌಟ್ಸ್ ಸಂಸ್ಥೆಯನ್ನು ಮುನ್ನಡೆಸಿದ, 1977ರಲ್ಲಿ ದಾವಣಗೆರೆಯಿಂದ ಸಂಸದರಾದ ಕೊಂಡಜ್ಜಿ ಬಸಪ್ಪನವರ ಹೆಸರಲ್ಲೂ ಅದೇ ಊರಿದೆ. ನಮ್ಮ ಹುಡುಗರು ಅಲ್ಲಿ ಟೆಂಟ್ ಹಾಕಿದರು, ಮೂರು ಕಲ್ಲಿನ ಒಲೆಯಲ್ಲಿ ಹಸಿ ಸೌದೆ ಊದಿ ಊದಿ ಅನ್ನ ಮಾಡಿದರು. ನಾನು ಮನೆಯಲ್ಲಿದ್ದೆ. ಎಣಿಕೆ ಮುಗಿಯುವಷ್ಟರಲ್ಲಿ ಎಸ್ಸೆಸ್ಸೆಲ್ಸಿ, ಟ್ಯೂಷನ್ನು, ಅಲ್ಲಿಗೇ ನಿಂತುಹೋಯಿತು. ರಾಜ್ಯ ಪುರಸ್ಕಾರಕ್ಕೆ ಕೊಡುವ ರಾಜ್ಯಪಾಲರ ಸಹಿಯ ಕಾಗದ ಸಿಗಲಿಲ್ಲ ಅನ್ನುವ ದುಃಖ ನನಗೆ ಯಾವತ್ತೂ ಆಗಲಿಲ್ಲ. ಆ ಶಿಬಿರ ತಪ್ಪಿದ್ದಕ್ಕೆ ಮಾತ್ರ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಅದಕ್ಕೇ ಹೇಳುವುದು, ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ರೈಲ್ವೆಯಲ್ಲಿ ಸ್ಕೌಟ್ಸ್ ಕೋಟಾ ಇದೆ, ನಿಜ. ಹುದ್ದೆಗಳು ಬೆರಳೆಣಿಕೆ. ಅದನ್ನು ನಂಬಿಕೊಂಡು ಹನ್ನೆರಡು ವರ್ಷದ ಹುಡುಗನನ್ನು ಸೇರಿಸಬೇಡಿ. ನೀವು ಕೇಳಬೇಕಾದದ್ದು ಆ ಟ್ರೂಪ್ ವಾರ ವಾರ ನಿಜವಾಗಿ ಸೇರುತ್ತಾ ಅಂತ. ಎಷ್ಟೋ ಕಡೆ ಆಗಸ್ಟ್ 15, ಜನವರಿ 26ರ ಪೆರೇಡಿಗೆ ಮಾತ್ರ ಸ್ಕಾರ್ಫ್ ಹೊರಗೆ ಬರುತ್ತೆ. ಅಂಥ ಕಡೆ ಸೇರಿಸುವುದಕ್ಕಿಂತ ಸುಮ್ನೆ ಮನೆಯಲ್ಲಿ ಬಿಡುವುದು ವಾಸಿ.

ಈ ಭಾನುವಾರ ಮಗನನ್ನು ಕರೆದುಕೊಂಡು ಹೋಗಿ. ಬಾವುಟ ಹಾರಿಸುವುದರಿಂದ ಇಳಿಸುವವರೆಗೆ ಪೂರ್ತಿ ನಿಂತು ನೋಡಿ. ಕೆಲಸ ಹಂಚುತ್ತಿರುವವರು ಯಾರು, ಪಟ್ರೋಲ್ ಲೀಡರ್ ಹುಡುಗರಾ, ಇಲ್ಲ ಎಲ್ಲದಕ್ಕೂ ಮಾಸ್ಟರೇ ಕೂಗುತ್ತಿದ್ದಾರಾ ಅಂತ ಗಮನಿಸಿ. ಹುಡುಗರು ನಡೆಸುತ್ತಿದ್ದರೆ ಕಣ್ಣು ಮುಚ್ಚಿಕೊಂಡು ಸೇರಿಸಿ. ಮಾಸ್ಟರ್ ತರಬೇತಿ ಆಗಿದೆಯಾ, ಈ ವರ್ಷ ಟ್ರೂಪ್ ನೋಂದಣಿ ನವೀಕರಣ ಆಗಿದೆಯಾ ಅಂತ ನೇರವಾಗಿ ಕೇಳಿ, ಒಳ್ಳೆಯವರು ಬೇಜಾರು ಮಾಡಿಕೊಳ್ಳಲ್ಲ. ದೊಡ್ಡ ಹುಡುಗನೊಬ್ಬನ ಪುಸ್ತಕ ತೋರಿಸು ಅನ್ನಿ. ಸಹಿಗಳ ದಿನಾಂಕ ಬೇರೆಬೇರೆ ಇರಬೇಕು. ಎಲ್ಲಾ ಒಂದೇ ದಿನದ್ದು, ಒಂದೇ ಪೆನ್ನಿನದು ಅಂದರೆ ವಾಪಸ್ ಬನ್ನಿ.

ಎನ್‌ಸಿಸಿ ಬೇಕಿದ್ದರೆ ಎಂಟನೇ ಕ್ಲಾಸಿಗೆ ಬಂದಾಗ ನೋಡಿಕೊಳ್ಳಿ, ಅದು ಬೇರೆ ದಾರಿ. ಅದಕ್ಕಾಗಿ ಈ ಒಂದು ವರ್ಷ ಕಾಯುವುದರಲ್ಲಿ ಅರ್ಥವಿಲ್ಲ.

ಪುಸ್ತಕಕ್ಕೆ ಪ್ಲಾಸ್ಟಿಕ್ ಕವರ್ ಹಾಕಿ, ಹಗ್ಗದ ಜೊತೆ ಅವನ ಬ್ಯಾಗಿನಲ್ಲೇ ಇರಲಿ. ಯೂನಿಫಾರ್ಮ್ ಮಾತ್ರ ಈಗಲೇ ಹೊಲಿಸಬೇಡಿ. ಪ್ರವೇಶ ಮುಗಿದು ಪ್ರತಿಜ್ಞೆ ತಗೊಳ್ಳುವ ದಿನ ಹತ್ತಿರ ಬಂದಾಗ ಅಳತೆ ಕೊಟ್ಟರೆ ಸಾಕು. ಈ ವಯಸ್ಸಿನ ಹುಡುಗರಿಗೆ ಪ್ಯಾಂಟ್ ಬಲು ಬೇಗ ಗಿಡ್ಡ ಆಗುತ್ತೆ.