ಆಂಟಿಬಯಾಟಿಕ್ ತಗೊಂಡರೆ ಕರುಳಿನ ಕ್ಯಾನ್ಸರ್ ತಪ್ಪುತ್ತದೆಯೇ?

ಪ್ರಶ್ನೆ: ನನಗೆ 37 ವರ್ಷ. ಅಪ್ಪನಿಗೆ 46ನೇ ವಯಸ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಆಯಿತು. ಕರುಳಿನ ಬ್ಯಾಕ್ಟೀರಿಯಾಗಳಿಂದ ಈ ಕ್ಯಾನ್ಸರ್ ಬರುತ್ತದೆ ಎಂದು ಓದಿದೆ. ನನಗೆ ಯಾವ ತೊಂದರೆಯೂ ಇಲ್ಲ. ಆದರೂ ಆಂಟಿಬಯಾಟಿಕ್ ತಗೊಂಡು ಅವುಗಳನ್ನು ಸಾಯಿಸಿಬಿಡಬಹುದೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಕರುಳಿನ ಬಹುಪಾಲು ಬ್ಯಾಕ್ಟೀರಿಯಾಗಳು ನಮ್ಮ ಕಡೆಯವೇ. ನಮಗೆ ಜೀರ್ಣವಾಗದ ನಾರನ್ನು ಅವು ಒಡೆದು ಬ್ಯುಟಿರೇಟ್ ಎಂಬ ಪದಾರ್ಥ ಮಾಡುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಅದೇ ಮುಖ್ಯ ಆಹಾರ. ಆಂಟಿಬಯಾಟಿಕ್ ನುಂಗಿದರೆ ಇವೂ ಸಾಯುತ್ತವೆ.

ನೀವು ಓದಿದ್ದು ಸುಳ್ಳಲ್ಲ. ಇ. ಕೋಲಿ ಬ್ಯಾಕ್ಟೀರಿಯಾ ಬಹುತೇಕ ಎಲ್ಲರ ಕರುಳಿನಲ್ಲೂ ಇರುತ್ತದೆ. ಅದರ ಕೆಲವು ತಳಿಗಳು ಮಾತ್ರ ಕೊಲಿಬ್ಯಾಕ್ಟಿನ್ ಎಂಬ ವಿಷ ಮಾಡುತ್ತವೆ. ಈ ವಿಷ ನೇರವಾಗಿ ನಮ್ಮ ಕೋಶಗಳ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಕೋಶ ಅದನ್ನು ರಿಪೇರಿ ಮಾಡುವಾಗ ತಪ್ಪುಗಳು ಉಳಿದುಬಿಡುತ್ತವೆ. ಆ ತಪ್ಪುಗಳಿಗೆ ಅವುಗಳದ್ದೇ ಒಂದು ಗುರುತು ಇದೆ, ಬೆರಳಚ್ಚಿನ ಹಾಗೆ. 2020ರಲ್ಲಿ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಬೆಳೆಸಿದ ಪುಟ್ಟ ಕರುಳಿನ ಅಂಗಾಂಶದಲ್ಲಿ ಈ ಗುರುತನ್ನು ಹಿಡಿದರು. ಕೆಲವು ರೋಗಿಗಳ ಗೆಡ್ಡೆಗಳಲ್ಲೂ ಅದೇ ಕಂಡಿತು. 2025ರ ಒಂದು ಅಧ್ಯಯನದಲ್ಲಿ, 70 ದಾಟಿದವರಿಗಿಂತ 40ರೊಳಗಿನ ರೋಗಿಗಳಲ್ಲಿ ಇದು ಮೂರು ಪಟ್ಟಿಗೂ ಜಾಸ್ತಿ ಇತ್ತು. ಈ ಹಾನಿ ಬಹುಶಃ ಬಾಲ್ಯದಲ್ಲೇ ಆಗಿರಬೇಕು ಎಂಬುದು ಆ ಸಂಶೋಧಕರ ಅಂದಾಜು. ಹಾಗಿದ್ದರೆ ಈಗ ಮಾತ್ರೆ ನುಂಗಿ ಆ ಹಳೆಯ ಗುರುತನ್ನು ಅಳಿಸಲು ಆಗುವುದಿಲ್ಲ, ಅಲ್ವಾ?

ಇನ್ನೊಂದು ಫ್ಯೂಸೋಬ್ಯಾಕ್ಟೀರಿಯಂ. ಇದು ಬಾಯಿಯಲ್ಲಿ, ಹಲ್ಲಿನ ಪಾಚಿಯಲ್ಲಿ ಇರುವಂಥದ್ದು. ಕರುಳಿನಲ್ಲಿ ಗೆಡ್ಡೆ ಇದ್ದರೆ ಅಲ್ಲಿ ಅಂಟಿಕೊಂಡು, ಅದರ ಬೆಳವಣಿಗೆಗೆ ನೆರವಾಗುತ್ತದೆ. ಯಕೃತ್ತಿಗೆ ಹರಡಿದ ಕ್ಯಾನ್ಸರಿನಲ್ಲೂ ಇದು ಸಿಕ್ಕಿದೆ. ಇಂಥ ಗೆಡ್ಡೆಯಿದ್ದ ಇಲಿಗಳಿಗೆ ಆಂಟಿಬಯಾಟಿಕ್ ಕೊಟ್ಟಾಗ ಗೆಡ್ಡೆಯ ಬೆಳವಣಿಗೆ ನಿಧಾನವಾಯಿತು. ಅದು ಇಲಿಗಳ ಮಾತು, ಅದೂ ಗೆಡ್ಡೆ ಬೆಳೆದ ಮೇಲಿನದು. ಆರೋಗ್ಯವಂತರು ಮುಂಜಾಗ್ರತೆಗೆ ನುಂಗಲು ಅದು ಆಧಾರವಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಬ್ಯಾಕ್ಟೀರಿಯಾ ಅಲ್ಲ, ಅಪ್ಪನ ವಯಸ್ಸು. ತಂದೆ ಅಥವಾ ತಾಯಿಗೆ ಈ ಕ್ಯಾನ್ಸರ್ ಬಂದಿದ್ದರೆ, ಮಕ್ಕಳು 40ಕ್ಕೆ, ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮೊದಲೇ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಮಾಡಿಸಬೇಕು. ಎರಡರಲ್ಲಿ ಯಾವುದು ಮೊದಲೋ ಅದು. ನಿಮ್ಮ ಲೆಕ್ಕಕ್ಕೆ ಅದು 36. ಒಂದು ವರ್ಷ ಆಗಲೇ ದಾಟಿದೆ. ಪಾಲಿಪ್ (ಮುಂದೆ ಕ್ಯಾನ್ಸರ್ ಆಗಬಹುದಾದ ಪುಟ್ಟ ಗಂಟು) ಸಿಕ್ಕರೆ ಸಾಮಾನ್ಯವಾಗಿ ಪರೀಕ್ಷೆಯ ಸಮಯದಲ್ಲೇ ತೆಗೆದುಬಿಡುತ್ತಾರೆ. ಅಪ್ಪನಿಗೆ 50ರೊಳಗೇ ಬಂದಿದ್ದರಿಂದ, ಇದು ವಂಶವಾಹಿಯಿಂದ ಬಂದಿರಬಹುದೇ ಎಂದೂ ವೈದ್ಯರನ್ನು ಕೇಳಿ. ಒಡಹುಟ್ಟಿದವರಿದ್ದರೆ ಅವರಿಗೂ ಇದನ್ನು ಹೇಳಿ.